ಪೈಲ್ಸ್‌ಗೆ ಲೇಸರ್ರೋ, ಆಪರೇಷನ್ನೋ?

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ, ಲಾರಿ ಓಡಿಸುತ್ತೇನೆ. ಮಲಕ್ಕೆ ಹೋದಾಗ ರಕ್ತ ಬೀಳುತ್ತದೆ, ಮೊಳೆ ಹೊರಗೆ ಬರುತ್ತದೆ, ಬೆರಳಿನಿಂದ ಒಳಗೆ ತಳ್ಳಬೇಕು. ಒಬ್ಬರು ಕತ್ತರಿಸಿ ತೆಗೆಯಬೇಕು ಅಂದರು. ಇನ್ನೊಬ್ಬರು ಲೇಸರ್ ಮಾಡಿಸಿ, ಮರುದಿನವೇ ಕೆಲಸಕ್ಕೆ ಹೋಗಿ ಅಂದರು. ಯಾರ ಮಾತು ನಂಬಲಿ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಎರಡಕ್ಕೂ ಮೊದಲು ಒಂದು ಕೆಲಸ ಇದೆ. ರಕ್ತ ಬೀಳುವುದೆಲ್ಲ ಪೈಲ್ಸ್‌ನಿಂದಲೇ ಅಲ್ಲ, ಕರುಳಿನ ಕ್ಯಾನ್ಸರ್‌ನಲ್ಲೂ ಬೀಳುತ್ತದೆ. ನಿಮ್ಮ ವಯಸ್ಸಿಗೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಬೇಕಾ ಅಂತ ಸರ್ಜನ್ ಹತ್ತಿರ ಕೇಳಿ. ದಯವಿಟ್ಟು ನಾಚಿಕೊಳ್ಳಬೇಡಿ.

ಮೊಳೆಯನ್ನು ಕೈಯಿಂದ ತಳ್ಳಬೇಕು ಅಂದರೆ ಅದು ಮೂರನೇ ಹಂತ. ತಳ್ಳಿದರೂ ಹೋಗದಿದ್ದರೆ ನಾಲ್ಕನೆಯದು. ಮೂರನೇ ಹಂತದಲ್ಲಿ ಮೊಳೆ ಸಣ್ಣದಿದ್ದರೆ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿ ನೋಡಬಹುದು. ರಕ್ತ ಓಡಾಟ ನಿಂತು, ಸುಮಾರು ಒಂದು ವಾರದಲ್ಲಿ ಮೊಳೆ ಒಣಗಿ ಉದುರುತ್ತದೆ. ಅಡ್ಮಿಟ್ ಆಗಬೇಕಿಲ್ಲ, ಖರ್ಚೂ ಕಡಿಮೆ, ಆದರೆ ಎರಡು ಮೂರು ಸಲ ಹಾಕಿಸಬೇಕಾಗಬಹುದು.

ಲೇಸರ್‌ನಲ್ಲಿ ಮೊಳೆಯನ್ನು ಒಳಗಿನಿಂದ ಸುಟ್ಟು ಕುಗ್ಗಿಸುತ್ತಾರೆ. ನೋವು ಕಡಿಮೆ ಅನ್ನುವುದು ನಿಜ, ಮತ್ತೆ ಬರುವುದೇ ಇಲ್ಲ ಅನ್ನುವುದು ಸುಳ್ಳು. ಸ್ಟೇಪ್ಲರ್ ವಿಧಾನದ (ಯಂತ್ರದಿಂದ ಮೊಳೆಯ ಮೇಲಿನ ಒಳಪೊರೆ ಕತ್ತರಿಸಿ ಪಿನ್ ಹಾಕುವುದು) ಕಥೆಯೂ ಹಾಗೇ, ನೋವು ಕಡಿಮೆಯಾದರೂ ಕತ್ತರಿಸಿ ತೆಗೆಯುವುದಕ್ಕೆ ಹೋಲಿಸಿದರೆ ಮೊಳೆ ಮರಳುವುದು ಜಾಸ್ತಿ. ಲಂಡನ್ನಿನ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ವಿವರಿಸಿದ ಕತ್ತರಿಸುವ ಆಪರೇಷನ್ ಇವತ್ತಿಗೂ ನಡೆಯುತ್ತಿರುವುದು ಇದಕ್ಕೇ. ಮೊಳೆಗಳು ದೊಡ್ಡವಾಗಿ, ಹೊರಗಿನ ಚರ್ಮವೂ ಜೋತುಬಿದ್ದಿದ್ದರೆ ನಾನು ಅದನ್ನೇ ಹೇಳುತ್ತೇನೆ. ನೋವು ಇರುತ್ತದೆ, ಮುಚ್ಚಿಡುವುದಿಲ್ಲ. ಮೊದಲ ಸಲ ಮಲಕ್ಕೆ ಹೋಗುವಾಗ ಜಾಸ್ತಿ, ಎರಡು ವಾರದಲ್ಲಿ ಸಾಕಷ್ಟು ಇಳಿಯುತ್ತದೆ, ಗಾಯ ಪೂರ್ತಿ ಮಾಯಲು ನಾಲ್ಕರಿಂದ ಆರು ವಾರ ಬೇಕು. ಬಾಡಿಗೆ ಒಪ್ಪಿಕೊಳ್ಳುವ ಮೊದಲೇ ಈ ಲೆಕ್ಕ ಹಾಕಿಕೊಳ್ಳಿ, ಗಾಯದ ಮೇಲೆ ದಿನವಿಡೀ ಸೀಟಿನಲ್ಲಿ ಕೂರುವುದು ಆಗದ ಮಾತು.

ಆಸ್ಪತ್ರೆಯ ಬೋರ್ಡಿನಲ್ಲಿ ಬರೆದದ್ದು ಬಿಡಿ. ನನ್ನದು ಯಾವ ಹಂತ, ಎಷ್ಟು ಮೊಳೆ ಇವೆ, ಮರಳಿ ಬಂದರೆ ಏನು ಮಾಡುತ್ತೀರಿ ಅಂತ ನೇರವಾಗಿ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ.

ಆಪರೇಷನ್ ಆದ ಮೇಲೆ ದಿನಕ್ಕೆ ಎರಡು ಮೂರು ಸಲ ಉಗುರು ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಿ. ನೀರು, ಸೊಪ್ಪು, ಹಣ್ಣು ಜಾಸ್ತಿ ಇರಲಿ, ಮಲಕ್ಕೆ ಹೋಗುವಾಗ ತಿಣುಕಬೇಡಿ. ಒಂದೆರಡು ಹನಿ ರಕ್ತಕ್ಕೆ ಹೆದರಬೇಕಿಲ್ಲ. ಆದರೆ ವಾರ ಹತ್ತು ದಿನ ಕಳೆದ ಮೇಲೂ ಒಮ್ಮೆಲೇ ಜಾಸ್ತಿ ರಕ್ತ ಹೋಗುವುದುಂಟು. ಹಾಗಾದರೆ, ಅಥವಾ ಜ್ವರ ಬಂದರೆ, ಮೂತ್ರ ಕಟ್ಟಿದರೆ, ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ.