ಅಣ್ಣನ ಫೋನಿನಲ್ಲಿ ತಮ್ಮನ ಹೆಸರು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ತುಮಕೂರು ಕಡೆಯ ನಿವೃತ್ತ ಮೇಷ್ಟ್ರು. ವಯಸ್ಸು 62. ರಾತ್ರಿ ನಿದ್ದೆ ಬರುವುದಿಲ್ಲ ಅಂತ ನನ್ನ ಹತ್ತಿರ ಸಮಾಲೋಚನೆಗೆ ಬಂದಿದ್ದರು. ಬಿಪಿ ಮಾತ್ರೆ ಬದಲಾಯಿಸಿ ನೋಡಿದ್ದೂ ಆಗಿತ್ತು. ಎರಡನೇ ಭೇಟಿಯಲ್ಲಿ ವಿಷಯ ಹೊರಗೆ ಬಂತು. ಭಾನುವಾರ ಚರ್ಚಿನಲ್ಲಿ ಅಯ್ಯನವರು (ಪಾದ್ರಿ) ‘ನಿಮ್ಮ ವೈರಿಗಳನ್ನು ಪ್ರೀತಿಸಿರಿ’ ಅಂತ ಪ್ರಸಂಗ ಮಾಡುತ್ತಿದ್ದಾಗ ಇವರು ಎದ್ದು ಹೊರಗೆ ಹೋಗಿದ್ದರಂತೆ. ವೈರಿ ಯಾರು ಅಂತ ಕೇಳಿದೆ.

“ನನ್ನ ತಮ್ಮ, ಮೇಡಂ.”

ಇವರದು ವೆಸ್ಲಿಯನ್ ಮಿಷನ್ (ಬ್ರಿಟಿಷ್ ಮೆಥಡಿಸ್ಟ್ ಮಿಷನರಿಗಳು) ಕಾಲದ ಮನೆತನ, ಈಗ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ತಮ್ಮ ಬೇರೆ ಪಂಗಡದ ಪೆಂತೆಕೊಸ್ತ್ ಸಭೆ (ಚರ್ಚು) ಸೇರಿ, ಕೆರೆಯಲ್ಲಿ ಮುಳುಗಿ ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ತಗೊಂಡಿದ್ದ. ಮಗುವಾಗಿದ್ದಾಗ ತಲೆಗೆ ಹಾಕಿದ ನೀರು ಲೆಕ್ಕಕ್ಕಿಲ್ಲ ಅಂತ ಅವನ ವಾದ. ಅಷ್ಟನ್ನು ಇವರು ಹೇಗೋ ಸಹಿಸಿಕೊಂಡಿದ್ದರು. ಆದರೆ ಅಮ್ಮ ತೀರಿಕೊಂಡ ದಿನ, ಪೆಟ್ಟಿಗೆ ಮುಚ್ಚುವ ಮುಂಚೆ, “ಅಮ್ಮನಿಗೆ ರಕ್ಷಣೆ ಸಿಕ್ಕಿತ್ತೋ ಇಲ್ವೋ” ಅಂತ ತಮ್ಮ ಯಾರ ಹತ್ತಿರವೋ ಅಂದದ್ದು ಇವರ ಕಿವಿಗೆ ಬಿತ್ತು. ಅಮ್ಮನ ಆತ್ಮಕ್ಕೆ ಮುಕ್ತಿ ಸಿಕ್ಕಿತ್ತೋ ಇಲ್ಲವೋ ಅಂತ ಅದರ ಅರ್ಥ. ಮೂರು ವರ್ಷದಿಂದ ಮಾತಿಲ್ಲ.

ತಮ್ಮನ ನಂಬರ್ ಇದೆಯಾ ಅಂದೆ. ಫೋನ್ ತೋರಿಸಿದರು. ‘ಮುಳುಗು ಪಾರ್ಟಿ’ ಅಂತ ಸೇವ್ ಆಗಿತ್ತು. ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು. ನಗುತ್ತಾ ನಗುತ್ತಾ ಅತ್ತುಬಿಟ್ಟರು. ಚಿಕ್ಕಂದಿನಲ್ಲಿ ಅವನನ್ನು ಪಾಪು ಅಂತ ಕರೆಯುತ್ತಿದ್ದರಂತೆ.

ಕ್ಷಮಿಸಿಬಿಡಿ ಅಂತ ನಾನು ಹೇಳಲಿಲ್ಲ. ಅದನ್ನು ಹೇಳುವವರು ಅವರ ಸುತ್ತ ಬೇಕಾದಷ್ಟು ಜನ ಇದ್ದರು. ಆ ಪ್ರಸಂಗದ ಮಾತು ಬರುವ ಬೈಬಲಿನ ಮತ್ತಾಯ 5ನೇ ಅಧ್ಯಾಯವನ್ನು ಅವರಿಂದಲೇ ಓದಿಸಿದೆ. ವೈರಿಗಳನ್ನು ಪ್ರೀತಿಸಿರಿ ಅನ್ನುವ 44ನೇ ವಚನ ಬಾಯಿಪಾಠವೇ ಇತ್ತು. 47ಕ್ಕೆ ಬಂದಾಗ ನಿಂತರು. ಬರೀ ನಿಮ್ಮ ಅಣ್ಣತಮ್ಮಂದಿರಿಗೆ ನಮಸ್ಕಾರ ಹೇಳಿದರೆ ಏನು ಹೆಚ್ಚು ಮಾಡಿದ ಹಾಗಾಯಿತು ಅಂತ ಯೇಸು ಕೇಳುವ ಮಾತು ಅದು. “ನಾನು ಅಷ್ಟೂ ಮಾಡ್ತಿಲ್ಲ ಅಲ್ವಾ” ಅಂದರು.

ಹಾಗಾಗಿ ಮೊದಲ ಕೆಲಸ ಸಣ್ಣದೇ ಕೊಟ್ಟೆ. ಫೋನಿನಲ್ಲಿ ಹೆಸರು ಸರಿ ಮಾಡಿ. ದಿನಕ್ಕೊಂದು ಸಲ ಆ ಹೆಸರು ಹಿಡಿದು ಒಂದು ವಾಕ್ಯ ಪ್ರಾರ್ಥನೆ ಮಾಡಿ. ‘ಅವನಿಗೆ ಬುದ್ಧಿ ಕೊಡು ದೇವರೇ’ ಅಂತಲ್ಲ, ಅವನ ಆರೋಗ್ಯ, ಮಕ್ಕಳ ಓದು, ಅಂಥದ್ದು. ಸಿಟ್ಟು ಇದ್ದರೆ ಇರಲಿ. ಪ್ರೀತಿಸಿ ಅಂದರೆ ಇಷ್ಟಪಡಿ ಅಂತ ಅರ್ಥ ಅಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಹೊಡೆತ, ಬೆದರಿಕೆ ಇರುವ ಮನೆಯವರಿಗೆ ನಾನು ಇದನ್ನು ಹೇಳುವುದಿಲ್ಲ. ಅಲ್ಲಿ ಮೊದಲು ಸುರಕ್ಷಿತವಾಗಿ ದೂರ ಇರಬೇಕು.

ಮೇಷ್ಟ್ರ ಇನ್ನೊಂದು ಹಟ, ತಮ್ಮ ತನ್ನ ತಪ್ಪು ಒಪ್ಪಿಕೊಳ್ಳುವವರೆಗೆ ಮಾತೇ ಬೇಡ ಅನ್ನುವುದು. ಅವರ ಸಭೆಯ ಕಥೆಯನ್ನೇ ನೆನಪಿಸಿದೆ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳು ಒಂದಾಗುವ ಮಾತು ಶುರುವಾಗಿ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿ.ಎಸ್.ಐ. ಹುಟ್ಟಿತು. ಆಂಗ್ಲಿಕನ್ನರು, ಮೆಥಡಿಸ್ಟರು, ದಕ್ಷಿಣ ಭಾರತ ಐಕ್ಯ ಸಭೆಯವರು ಒಂದಾಗಲು 28 ವರ್ಷ ಹಿಡಿಯಿತು. ಬಿಷಪ್ ಇಲ್ಲದ ಸಭೆಗಳ ಪಾದ್ರಿಗಳ ಅಭಿಷೇಕ (ಪಾದ್ರಿಯಾಗಿ ನೇಮಿಸುವ ವಿಧಿ) ಲೆಕ್ಕಕ್ಕಿದೆಯಾ ಅನ್ನುವುದು ಅದರಲ್ಲಿ ದೊಡ್ಡ ಜಗಳ. ಕೊನೆಗೆ ಯಾರಿಗೂ ಮತ್ತೆ ಅಭಿಷೇಕ ಮಾಡಲಿಲ್ಲ, ಇದ್ದ ಹಾಗೆಯೇ ಸೇರಿಸಿಕೊಂಡರು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಬಿಷಪ್ಪುಗಳು ಮೇಡಂ, ನಾವು ಮನುಷ್ಯರು” ಅಂದರು.

ನಾಲ್ಕನೇ ಭೇಟಿಯ ಹೊತ್ತಿಗೆ ಒಂದು ಫೋನ್ ಕಾಲ್ ಆಗಿತ್ತು. ದೀಕ್ಷಾಸ್ನಾನದ ಮಾತು ತೆಗೆಯಬೇಡಿ, ನೋವಾದ ಆ ಒಂದು ಮಾತನ್ನಷ್ಟೇ ಹೇಳಿ ಅಂದಿದ್ದೆ. ತಮ್ಮನಿಗೆ ತಾನು ಹಾಗೆ ಅಂದದ್ದು ನೆನಪೇ ಇರಲಿಲ್ಲವಂತೆ. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ, ಫೋನನ್ನೂ ಇಡಲಿಲ್ಲ.

ಈಗ ಅಮ್ಮನ ಸಮಾಧಿಗೆ ಕಲ್ಲು ಹಾಕಿಸುತ್ತಿದ್ದಾರೆ, ಖರ್ಚು ಅರ್ಧರ್ಧ. ಯಾವ ವಚನ ಕೆತ್ತಿಸಬೇಕು ಅಂತ ದಿನಾ ಜಗಳ. ಅಣ್ಣನಿಗೆ ‘ಯೆಹೋವನು ನನಗೆ ಕುರುಬನು’ ಅನ್ನುವ ಕೀರ್ತನೆ 23 ಬೇಕು. ತಮ್ಮನಿಗೆ ‘ನಾನೇ ಪುನರುತ್ಥಾನವೂ ಜೀವವೂ’ ಅನ್ನುವ ಯೋಹಾನ 11.