‘ಬ್ರೈನ್‌ವಾಶ್’ಗೆ ಕನ್ನಡದಲ್ಲಿ ಏನಂತಾರೆ? ಅದೂ ಮನವೊಲಿಸುವುದೂ ಒಂದೇನಾ?

ಖಂಡಿತ ಒಂದೇ ಅಲ್ಲ. ಮನವೊಲಿಸುವಾಗ ಎದುರಿನವರಿಗೆ ‘ಬೇಡ’ ಎನ್ನುವ ದಾರಿ ತೆರೆದೇ ಇರುತ್ತದೆ. ‘ಅಪ್ಪ ಆಪರೇಷನ್‌ಗೆ ಒಪ್ಪಿರಲಿಲ್ಲ, ಅಕ್ಕ ಪಕ್ಕದಲ್ಲಿ ಕೂತು ಮಾತಾಡಿ ಮನವೊಲಿಸಿದಳು.’ ಇಲ್ಲಿ ಕೊನೆಗೆ ತೀರ್ಮಾನ ಮಾಡಿದ್ದು ಅಪ್ಪನೇ, ಅಲ್ವಾ?

ಬ್ರೈನ್‌ವಾಶ್ ಎಂಬುದು ಚೀನೀ ಭಾಷೆಯ ‘ಷಿ ನಾವೊ’, ಅಂದರೆ ‘ಮಿದುಳು ತೊಳೆ’ ಎಂಬ ಮಾತಿನಿಂದ ಬಂದದ್ದು. ಅಮೆರಿಕದ ಪತ್ರಕರ್ತ ಎಡ್ವರ್ಡ್ ಹಂಟರ್ 1950ರಲ್ಲಿ ಬಳಸಿದ ಮೇಲೆ ಇಂಗ್ಲಿಷಿನಲ್ಲಿ ಹರಡಿತು. ಆದರೆ ನಮ್ಮ ಮಾತಿನಲ್ಲಿ ತಲೆಯನ್ನು ತೊಳೆಯುವುದಿಲ್ಲ, ತುಂಬುತ್ತಾರೆ ಇಲ್ಲವೇ ಕೆಡಿಸುತ್ತಾರೆ. ‘ಯಾರೋ ಚೆನ್ನಾಗಿ ತಲೆ ತುಂಬಿ ಕಳಿಸಿದ್ದಾರೆ’ ಎಂದರೆ ಆ ಮಾತು ಅವನ ಸ್ವಂತದ್ದಲ್ಲ ಎಂದರ್ಥ. ನನಗೆ ಬ್ರೈನ್‌ವಾಶ್‌ಗಿಂತ ಇದೇ ಜಾಸ್ತಿ ಇಷ್ಟ. ಕೇಳಿದ ತಕ್ಷಣ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಗುಟ್ಟಾಗಿ ಚಾಡಿ ಹೇಳಿ ಒಬ್ಬರ ಮೇಲೆ ಎತ್ತಿಕಟ್ಟಿದರೆ ಅದು ‘ಕಿವಿ ಊದುವುದು’. ಆಸೆ ತೋರಿಸಿ, ಸವಿಮಾತಾಡಿ ಒಲಿಸಿಕೊಂಡರೆ ‘ಪುಸಲಾಯಿಸುವುದು’. ಮಕ್ಕಳನ್ನು ಪುಸಲಾಯಿಸಿ ಕರೆದೊಯ್ದರು ಎಂದು ಸುದ್ದಿಯಲ್ಲಿ ಓದಿರುತ್ತೀರಿ. ಊಟ ಮಾಡದ ಮಗುವನ್ನೂ ಪುಸಲಾಯಿಸುತ್ತೇವೆ, ಅಲ್ಲಿ ಕೆಟ್ಟ ಅರ್ಥವಿಲ್ಲ. ಜನರನ್ನು ನಂಬಿಸಿ ಮೋಸ ಮಾಡಿದರೆ ‘ಮಂಕುಬೂದಿ ಎರಚಿದರು’.

ಒಂದು ಎಚ್ಚರಿಕೆ: ‘ಅವನ ತಲೆ ಕೆಡಿಸಿದರು’ ಎಂದರೆ ಬೇರೆಯವರ ಕೆಲಸ. ‘ತಲೆ ಕೆಡಿಸಿಕೊಂಡ’ ಎಂದರೆ ಸುಮ್ನೆ ತಾನೇ ಚಿಂತೆ ಹಚ್ಚಿಕೊಂಡ ಎಂದಷ್ಟೇ.