ಕೀಮೋ ಆಗುತ್ತಿರುವ ಮಗುವಿನ ಬಾಯಿಹುಣ್ಣಿಗೆ ಕೊಡಗಿನ ಜೇನು ಹಚ್ಚಬಹುದೇ?

ಬೇಡ, ಈಗಂತೂ ಬೇಡ. ಜೇನಿನಿಂದ ಇಂಥ ಹುಣ್ಣು ಬೇಗ ಮಾಗಿದ ಅಧ್ಯಯನಗಳಿವೆ, ಜೇನು ಹಚ್ಚಿ ಎಂದು ನಿಮ್ಮ ಮನೆಯ ಅಜ್ಜಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಪೆಟ್ಟಿಗೆಯಿಂದ ನೇರ ತೆಗೆದ ಹಸಿ ಜೇನಿನಲ್ಲಿ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ಬಿಳಿ ರಕ್ತಕಣ ಇಳಿದಿರುವಾಗ ಹುಣ್ಣಾದ ಬಾಯಿ ಅವಕ್ಕೆ ತೆರೆದ ಬಾಗಿಲು. ಜೊತೆಗೆ ಹಲ್ಲಿಗೆ ಅಂಟುವ ಸಕ್ಕರೆ ಬೇರೆ.

ರಕ್ತದ ಕ್ಯಾನ್ಸರ್, 6 ವರ್ಷದ ಮಗಳು, ಬೆಂಗಳೂರಿನಲ್ಲಿ ಕೀಮೋ ಮುಗಿಸಿ ವಿರಾಜಪೇಟೆಗೆ ಬಂದ ಮೇಲೆ 8ನೇ ದಿನಕ್ಕೆ ಹುಣ್ಣು, ಹಲ್ಲುನೋವೂ ಇದೆ, ಹಲ್ಲುಜ್ಜಿಸುವುದನ್ನು ನಿಲ್ಲಿಸಿದ್ದೇವೆ ಎಂದಿದ್ದೀರಿ. ಕಾಲ ಸರಿಯಾಗಿ ಹೊಂದುತ್ತದೆ. ಬೇಗ ಬೇಗ ಹುಟ್ಟುವ ಕೋಶಗಳನ್ನೆಲ್ಲ ಕೀಮೋ ಹೊಡೆಯುತ್ತದೆ, ಬಾಯಿಯ ಒಳಪದರವೂ ಅಂಥದ್ದೇ. ಸಾಮಾನ್ಯವಾಗಿ 5ರಿಂದ 10 ದಿನದೊಳಗೆ ಹುಣ್ಣು ಏಳುತ್ತದೆ, ರಕ್ತಕಣ ಏರುತ್ತಿದ್ದಂತೆ 2–3 ವಾರದಲ್ಲಿ ಮಾಗುತ್ತದೆ.

ಮನೆಯಲ್ಲಿ ಕೀಮೋ ಮಾತ್ರೆ ಕೊಡುತ್ತಿದ್ದರೆ ಮೊದಲು ಚೀಟಿ ತೆಗೆದು ನೋಡಿ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಕೊಡುವ ಮಾತ್ರೆ, ಮರ್ಕ್ಯಾಪ್ಟೊಪ್ಯೂರಿನ್ ದಿನವೂ ಕೊಡುವಂಥದ್ದು. ಸಾಮಾನ್ಯವಾಗಿ ಎರಡೂ ಹಳದಿ ಬಣ್ಣದವು, ಅದಲುಬದಲಾಗುವುದು ಸುಲಭ. ಮೆಥೊಟ್ರೆಕ್ಸೇಟ್ ದಿನಾ ಹೋದರೆ ಬಾಯಿ ತುಂಬ ಹುಣ್ಣಾಗುತ್ತದೆ, ರಕ್ತಕಣ ಪೂರ್ತಿ ಕುಸಿದು ಜೀವಕ್ಕೇ ಅಪಾಯ. ಸಂಶಯ ಬಂದರೆ ಆ ಮಾತ್ರೆ ನಿಲ್ಲಿಸಿ, ಆ ಕ್ಷಣವೇ ಆಸ್ಪತ್ರೆಗೆ ಫೋನ್ ಮಾಡಿ.

ಹಲ್ಲುಜ್ಜಿಸುವುದನ್ನು ನಿಲ್ಲಿಸಿದ್ದು ತಪ್ಪು. ತೀರಾ ಮೆದುವಾದ ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ ಇನ್ನೂ ಮೆದು ಮಾಡಿ, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ, ದಿನಕ್ಕೆ ಎರಡು ಸಲ ಉಜ್ಜಿಸಿ. ಪುದೀನ ಉರಿದರೆ ಮಕ್ಕಳ ಪೇಸ್ಟ್ ತನ್ನಿ. ಬ್ರಷ್ ತಾಗಿಸಲೂ ಬಿಡದಿದ್ದರೆ ಗಾಜ್ ಬಟ್ಟೆ ಒದ್ದೆ ಮಾಡಿ ಹಲ್ಲು ಒರೆಸಿ, ನೋವು ಇಳಿದೊಡನೆ ಮತ್ತೆ ಬ್ರಷ್. ಮಳೆಗಾಲದಲ್ಲಿ ನಮ್ಮ ಕಡೆ ಬ್ರಷ್ ಒಣಗುವುದೇ ಇಲ್ಲ. ಮುಚ್ಚಳ ಹಾಕಬೇಡಿ, ಬಚ್ಚಲಲ್ಲಿ ಇಡಬೇಡಿ, ಒಲೆಯಿರುವ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿ.

ಬಾಯಿ ಮುಕ್ಕಳಿಸಲು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಬೇರೆ, ಅದು ಬೇಡ. ಊಟವಾದ ಮೇಲೆ, ಮಲಗುವ ಮುಂಚೆ, ನಡುವೆ ಎರಡು ಮೂರು ಗಂಟೆಗೊಮ್ಮೆ ಮುಕ್ಕಳಿಸಿ ಉಗುಳಲಿ. ದಿನಾ ಹೊಸದು ಮಾಡಿ. ಆಲ್ಕೊಹಾಲ್ ಇರುವ ಮೌತ್‌ವಾಶ್ ಉರಿಸುತ್ತದೆ, ಒಣಗಿಸುತ್ತದೆ.

ಅಂಗಡಿಯ ಮರಗಟ್ಟಿಸುವ ಜೆಲ್‌ಗಳನ್ನು ನೀವೇ ತಂದು ಹಚ್ಚಬೇಡಿ: ಗಂಟಲು ಮರಗಟ್ಟಿದ ಮಗು ನುಂಗುವಾಗ ಕೆಮ್ಮಿಕೊಳ್ಳುತ್ತದೆ, ಕೆನ್ನೆ ಕಚ್ಚಿಕೊಳ್ಳುತ್ತದೆ. ಐಬುಪ್ರೊಫೇನ್, ಆಸ್ಪಿರಿನ್ ಕೂಡ ಬೇಡ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆ ಇರುವಾಗ ರಕ್ತ ಸೋರುತ್ತದೆ. ಬಿಳಿ ಪದರ ಕಂಡು, ಒರೆಸಿದರೆ ಅಡಿ ಕೆಂಪಾಗಿದ್ದರೆ ಶಿಲೀಂಧ್ರವಿರಬಹುದು. ಅದಕ್ಕೂ ಔಷಧಿ ಅಂಗಡಿಯಿಂದ ನೇರ ತರಬೇಡಿ, ಇಟ್ರಕೊನಜೋಲ್‌ನಂಥವು ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿಯ ಜೊತೆ ಸೇರಿದರೆ ನರಗಳಿಗೆ ಪೆಟ್ಟು.

ಊಟಕ್ಕೆ ತಣ್ಣಗಾದ ಗಂಜಿ, ಹಾಲಿನಲ್ಲಿ ನೆನೆಸಿದ ನೂಪುಟ್ಟು (ಅಕ್ಕಿ ಶಾವಿಗೆ), ಮೆತ್ತಗಿನ ಪಾಪುಟ್ಟು (ಅಕ್ಕಿತರಿಯ ಹಬೆ ತಿಂಡಿ), ಚೆನ್ನಾಗಿ ಬೆಂದ ಮೊಟ್ಟೆ. ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿ), ಕಿತ್ತಳೆ, ಗರಿಗರಿ ಅಕ್ಕಿರೊಟ್ಟಿ ಸದ್ಯಕ್ಕೆ ದೂರವಿರಲಿ. ನೀರೂ ಇಳಿಯದೆ, ಮೂತ್ರ ಕಡಿಮೆಯಾದರೆ ಕಾಯಬೇಡಿ, ಡ್ರಿಪ್ ಬೇಕು.

ಇಷ್ಟರಲ್ಲಿ ನಾನು ಹೆಚ್ಚು ಹೆದರುವುದು ಹುಣ್ಣಿಗಲ್ಲ, ಜ್ವರಕ್ಕೆ. 100.4 ಡಿಗ್ರಿ ಮುಟ್ಟಿತೆಂದರೆ, ಮಗು ಆಡುತ್ತಿದ್ದರೂ, ತುರ್ತು. ಅಳೆಯದೆ ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮರೆಯಾಗಿ ನಿಮಗೇ ಗೊತ್ತಾಗುವುದಿಲ್ಲ. ಥರ್ಮಾಮೀಟರ್ ಕಂಕುಳಲ್ಲಿಡಿ, ಗುದದ್ವಾರದಲ್ಲಿ ಬೇಡ. ಬೆಂಗಳೂರು ತಲುಪಲು ಗಂಟೆಗಟ್ಟಲೆ ಬೇಕು, ಮಳೆಗೆ ರಸ್ತೆ ಕುಸಿದರೆ ಅದೂ ಇಲ್ಲ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಮೈಸೂರಿಗೋ ಎಂದು ಈಗಲೇ ನಿರ್ಧರಿಸಿ. ಜ್ವರ ಬಂದರೆ ಯಾವ ಆ್ಯಂಟಿಬಯಾಟಿಕ್ ಕೂಡಲೇ ಶುರುಮಾಡಬೇಕೆಂದು ಬೆಂಗಳೂರಿನ ವೈದ್ಯರಿಂದ ಬರೆಸಿಕೊಂಡು, ಆ ಚೀಟಿ ಕೈಯಲ್ಲಿಟ್ಟುಕೊಳ್ಳಿ.

ಹಲ್ಲುನೋವು ಎಂದದ್ದಕ್ಕೆ: ವಿನ್‌ಕ್ರಿಸ್ಟಿನ್ ಕೊಟ್ಟ ಕೆಲವು ದಿನಗಳಲ್ಲಿ ದವಡೆ ನೋಯುತ್ತದೆ, ಹಲ್ಲು ಸರಿಯೇ ಇರುತ್ತದೆ, ತಾನಾಗಿ ಹೋಗುತ್ತದೆ. ನಿಜವಾಗಿ ಹುಳುಕಿದ್ದರೂ ಊರಿನ ದಂತವೈದ್ಯರ ಬಳಿ ಹೋಗಿ ಕೀಳಿಸಬೇಡಿ. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) 1000 ದಾಟಿರಬೇಕು, ಪ್ಲೇಟ್‌ಲೆಟ್ ಸಾಕಷ್ಟಿರಬೇಕು. ಆ ವಾರದ ರಕ್ತಪರೀಕ್ಷೆ ನೋಡಿ ಕ್ಯಾನ್ಸರ್ ವೈದ್ಯರೇ ದಿನ ಗೊತ್ತುಮಾಡಲಿ.